ಮಣಿಕಟ್ಟು

ಡಾಕ್ಟರ್ ಕೇಳಿದ: ಯಾವ ಓರೆಯಾಗ ಕೂಡಿಸ್ಲಿ?
ಒಮ್ಮೆ ಕೂಡಿಸಿದ್ರ ಮುಗೀತು, ಮತ್ತ ಮಣಿಯಂಗಿಲ್ಲ.
ದಿನಾ ಏನ್ ಕೆಲಸ ಮಾಡ್ತಿ, ಕೈಯಿಂದ ತೋರ್ಸು.

ಜಲ್ಮಕ್ಕೆಲ್ಲ ಒಂದೇ ಓರೆ.
ರೊಟ್ಟಿ ಬಡಿಯೋದು ತೋರಿಸ್ಲೋ, ಅರಿವಿ ಹಿಂಡೋದೋ,
ನಮಾಜಿನ್ಯಾಗ ಅಂಗೈ ಊರೋದೋ?
ಮಂದಿ ಸಾಲು ನಿಂತಿತ್ತು ಹೊರಗ.
ನಾ ಟೇಬಲ್ ಮ್ಯಾಲಿಂದ ಕೈ ಚಾಚಿ
ಅವನ ಕೈಯೇ ಹಿಡಿದೆ,
ಗಿರಾಕಿ ಕೈ ಹಿಡಿದಂಗ,
ಅವನ ಹೆಬ್ಬೆರಳ ಬುಡ ನನ್ನ ಹೆಬ್ಬೆರಳ ಕೆಳಗ.
ಇದು, ಅಂದೆ.
ನರ್ಸ್ ನಕ್ಕಳು. ಅವ ನಗಲಿಲ್ಲ.
ಅಳತಿ ಇಟ್ಟು ಬರಕೊಂಡ: ಹದಿನೈದು ಡಿಗ್ರಿ.

ಕಪಡಾ ಬಜಾರದಾಗ ಮೂವತ್ತೊಂದು ವರ್ಷ.
ಮೆತ್ತನ ಕೈ, ಕಲ್ಲಿನಂಥ ಕೈ, ಕುಬಸದ ಉಬ್ಬಿದ ಕೈ
ಹಿಚುಕಿ, ಹೊರಳಿಸಿ, ಬಳಿ ದಾಟಿಸಿ
ನನ್ನ ಕೈಯೊಳಗಿನ ಗೋಡಂಬಿಯಷ್ಟು ಎಲುಬು
ರಕ್ತ ಸಿಗದೆ ಸತ್ತು ಕೂತಿತ್ತಂತ.
ಎಕ್ಸರೇದಾಗ ಬೆಳ್ಳಗ, ಸುಣ್ಣದ ಹಳ್ಳಿನಂಗ.
ಎರಡು ವರ್ಷ ನಾ ಮುಲಾಮು ತಿಕ್ಕಿದ್ದು
ಒಂದು ಹೆಣಕ್ಕ.

ಆಪರೇಷನ್ ದಿನ ಕತ್ತರಿ ತಂದ್ರು.
ಗಾಜಿನ ಬಳಿ ಒಡೀತು ಅನಬಾರದು, ಹೆಚ್ಚಾಯ್ತು ಅನಬೇಕು;
ಹೆಚ್ಚಾಗಾಕ ನಾ ಬಿಡಲಿಲ್ಲ.
ಸಾಬೂನು ತಾ ಅಂದೆ, ಹೆಬ್ಬೆರಳು ಒಳಗ ಮಡಚು ಅಂದೆ,
ಉಸಿರು ಹಿಡಿ ಅಂದೆ, ನರ್ಸಿಗೆ ಹೇಳಿದ್ದು,
ನಾನೇ ಹಿಡಿದಿದ್ದೆ.
ಹನ್ನೆರಡೂ ಇಡಿಯಾಗಿ ಬಂದವು.
ನನ್ನ ಕೈ ಇನ್ನೊಬ್ರು ಹಿಡಿದದ್ದು
ಎಷ್ಟು ವರ್ಷಕ್ಕೋ.

ಸೊಂಟದ ಚೂರು ಎಲುಬು ತಂದು ಇಲ್ಲಿ ತುಂಬ್ಯಾರ,
ಮ್ಯಾಲೊಂದು ಪಟ್ಟಿ, ಎಂಟು ಸ್ಕ್ರೂ.
ಕೊಡ ಹೊತ್ತ ಸೊಂಟ ಈಗ ಕೈಗೆ ಬಂದು ಕೂತದ,
ಹೊರೋ ರೂಢಿ ಅದಕ್ಕ ಮೊದಲೇ ಅದ.
ಬಾಜೂ ಹೂವಿನಂಗಡಿ ಗುರುಬಾಯಿ ಅಂತಾಳ:
ಮಣಿಯಾರ ಮಂದಿ ನೀವು,
ಹೆಸರಿನ್ಯಾಗೇ ಇತ್ತು ನೋಡು, ಮಣಿಯರು.

ಆರು ವಾರ ಬೆರಳಷ್ಟೇ ನಂದು.
ಪರಾತದಾಗ ತೊಗರಿ ಹಾಕಿ
ಒಂದೊಂದೇ ಆರಿಸು ಅಂದಳು ಫಿಜಿಯೋ ಹುಡುಗಿ.
ಮೊದಲ ದಿನ ಒಂಬತ್ತು ಕಾಳು.
ಒಂಬತ್ತಕ್ಕೇ ಬೆವರು.

ನಲ್ಲಿ ತಿರುವಾಕ ಭುಜ ಬಂತು,
ರೊಟ್ಟಿ ಬಡಿಯಾಕ ಮೊಣಕೈ.
ಸದ್ದು ಬ್ಯಾರೆ ಆಯ್ತು, ಚಪ್ ಹೋಗಿ ಧಪ್.
ಕೆಳಗಿನ ಮನಿ ಮುದುಕಿ ಕೂಗಿ ಕೇಳಿದಳು:
ಜುಲೈಖಾ, ಸೊಸಿ ಬಂದಾಳೇನು?

ಸಜದಾದಾಗ ಬಲಗೈ ಮುಷ್ಟಿ ಊರ್ತೀನಿ.
ಮೊದಮೊದಲು ನಾಚಿಕಿ.
ಅವಗ ಎಕ್ಸರೇ ಬೇಕಾಗಿಲ್ಲ ಬಿಡು.

ಒಂದಿನ ನಡುರಾತ್ರಿ ಎಚ್ಚರಾಗಿ
ನೋವು ಹುಡುಕಿದೆ.
ಬಾಡಿಗಿ ಬಾಕಿ ಇಟ್ಟು ಓಡಿಹೋದವನ ಖೋಲಿಯಂಗ
ಖಾಲಿ, ಸ್ವಚ್ಛ.
ಸಿಟ್ಟು ಬಂತು, ಯಾಕೋ. ಆಮ್ಯಾಲೆ ನಿದ್ದಿ.

ಶ್ರಾವಣದಾಗ ಅಂಗಡಿ ತೆಗೆದೆ.
ತಾಜಸುಲ್ತಾನಪುರದ ಹುಡುಗಿ, ಏಳು ತಿಂಗಳು,
ಹಸಿರು ಗಾಜು, ಎರಡೂ ಕೈಗೆ.
ಎರಡು-ಆರು ಅಂದಳು ಅವರವ್ವ. ಮುಟ್ಟಿ ನೋಡಿದೆ,
ಎರಡು-ಎಂಟು.
ಅಷ್ಟು ಇನ್ನೂ ಗೊತ್ತದ ಬೆರಳಿಗೆ.
ಅವಳ ಕೈ ಮಣೀತು, ನಂದು ನಿಂತಿತು
ಡಾಕ್ಟರ್ ಮುಂದ ನಿಂತಂಗೇ.
ಹನ್ನೊಂದನೇದು ಹೆಚ್ಚಾಯ್ತು.
ಅವರವ್ವ ಮಾರಿ ಗಂಟಿಟ್ಟಳು.
ನನ್ನ ಲೆಕ್ಕದಾಗ ಇನ್ನೊಂದು ಹಾಕಿದೆ, ಸಾವಕಾಶ.

ನನ್ನ ಬಲಗೈಗೆ ಮಾತ್ರ ಯಾವ ಅಳತಿನೂ ಹೋಗವಲ್ದು.
ಎಡಗೈಗೆ ಹನ್ನೆರಡು,
ಬಲಗೈಗೆ ಹೊಲಿಗಿ ಗೀರು, ಉದ್ದಕ್ಕ.
ಬರೇ ಕೈ ಬಳಿಗಾರ್ತಿನ ನೋಡಿ
ಒಬ್ಬಳು ವಾಪಸ್ ಹೋದಳು. ಹೋಗ್ಲಿ.

ಸಂಜಿಮುಂದ ಆಳಂದ ಬಸ್ಸಿನ ಕಿಟಕ್ಯಾಗ ಒಂದು ಕೂಸು
ಟಾಟಾ ಮಾಡ್ತು.
ನಾನೂ ಮಾಡಿದೆ: ಮೊಣಕೈಯಿಂದ,
ಹಲಗಿ ಬೀಸಿದಂಗ.
ಕೂಸು ಒಂದು ಗಳಿಗಿ ದಿಟ್ಟಿಸಿ ನೋಡ್ತು,
ತನ್ನ ಕೈನೂ ಬಿರುಸು ಮಾಡಿ
ಹಂಗೇ ಬೀಸ್ತು.